ಬೆವರುಸಾಲೆಯಲ್ಲ, ದಡಾರ

ಹೊಸದಾಗಿ ನೌಕರಿಗೆ ಸೇರಿದ ಡಾಕ್ಟರ್ ಹುಡುಗ ಹುಡುಗಿಯರು ಆಗಾಗ ಶಹಾಪುರದ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರು ಮೊದಲು ಮಾಡುವ ಕೆಲಸವೆಂದರೆ ಫೋನು ತೆಗೆದು ಯಾವುದೋ ಮಗುವಿನ ಬೆನ್ನಿನ ಫೋಟೋ ತೋರಿಸುವುದು. "ಮೇಡಂ, ಇದೇನಿರಬಹುದು?"

ನನಗೆ ಗೊತ್ತಿಲ್ಲ. ಫೋಟೋದಲ್ಲಿ ಬೆನ್ನಿದೆ, ಮಗು ಇಲ್ಲ. ಜ್ವರ ಮೊದಲು ಬಂತೋ ಗುಳ್ಳೆ ಮೊದಲು ಬಂತೋ, ಕಣ್ಣು ಕೆಂಪಾಗಿದೆಯೋ, ಮೂಗು ಸುರಿಯುತ್ತಿದೆಯೋ, ಮನೆಯಲ್ಲಿ ಇನ್ಯಾರಾದರೂ ಕೆರೆದುಕೊಳ್ಳುತ್ತಿದ್ದಾರೋ ಎಂದು ಕೇಳಿದರೆ ಆ ಹುಡುಗ ತಲೆ ತುರಿಸಿಕೊಳ್ಳುತ್ತಾನೆ. ಕೇಳಿಲ್ಲವಂತೆ. ಫೋಟೋ ಮಾತ್ರ ಬಹಳ ಚೆನ್ನಾಗಿ ಬಂದಿದೆ.

ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ತಾಳ್ಮೆ ನನಗೀಗ ಉಳಿದಿಲ್ಲ. ಇದ್ದ ತಾಳ್ಮೆಯನ್ನೆಲ್ಲ ಸರ್ಕಾರಿ ನೌಕರಿಯಲ್ಲೇ ಖರ್ಚು ಮಾಡಿದ್ದೇನೆ. ಅದಕ್ಕೇ ಒಮ್ಮೆ ಬರೆದಿಡುತ್ತಿದ್ದೇನೆ. ಓದಿದರೆ ಓದಿರಿ.

ನಮ್ಮಪ್ಪ ವಡಗೇರಾ ಕಡೆ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇತ್ತು. ಆ ಪಟ ಇದ್ದ ಮನೆ ಊರಿನ ಯಾವ ಕಡೆಗೆ ಇರುತ್ತದೆ ಎಂಬುದನ್ನು ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಗುಲ್ಬರ್ಗಾದಲ್ಲಿ ಡಾಕ್ಟರಿಕೆ ಓದಿ ಹೊರಬೀಳುವ ಹೊತ್ತಿಗೆ ಕೃಷ್ಣೆಯ ಕಾಲುವೆ ಅಗೆಯುವ ಕೆಲಸ ಭರದಿಂದ ನಡೆದಿತ್ತು. ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಜೋಳ, ತೊಗರಿ ಬಿಟ್ಟರೆ ಬೇರೇನೂ ಕಾಣದ ಕರಿಮಣ್ಣಿನಲ್ಲಿ ಲಾರಿಗಳು ಓಡಾಡುತ್ತಿದ್ದವು. ದೇವಾಪುರದಿಂದ ಆಚೆ ಕಾಲುವೆಗೆ ಹತ್ತಿಕೊಂಡಿದ್ದ ಒಂದು ಊರಿನ ಆಸ್ಪತ್ರೆಗೆ ನನ್ನನ್ನು ಹಾಕಿದರು. ಆ ಊರಿನ ಹೆಸರು ಬೇಡ. ಅಲ್ಲಿಯವರು ಇನ್ನೂ ಇದ್ದಾರೆ.

ನಾವು ಓದಿದ ಪುಸ್ತಕದಲ್ಲಿ ದಡಾರದ ಚಿತ್ರವಿತ್ತು. ಹಾಲಿನಂಥ ಬಿಳಿ ಮಗು, ಅದರ ಮೈಮೇಲೆ ದಾಳಿಂಬೆ ಬಣ್ಣದ ಚುಕ್ಕೆ. ಬಾಗಿಲಲ್ಲಿ ನಿಂತು ನೋಡಿದರೂ ಗುರುತು ಸಿಗುತ್ತಿತ್ತು. ನಮ್ಮ ಮಕ್ಕಳ ಮೈಬಣ್ಣ ಎರೆಮಣ್ಣಿನದು. ಅದರ ಮೇಲೆ ಕೆಂಪು ಕಾಣುವುದಿಲ್ಲ. ಇದನ್ನು ನನಗೆ ಯಾವ ಪ್ರೊಫೆಸರೂ ಹೇಳಿರಲಿಲ್ಲ. ಮೊದಲ ಬೇಸಿಗೆಯಲ್ಲಿ ನಾನು ಕೆಂಪು ಹುಡುಕಿ ಹುಡುಕಿ ಸುಸ್ತಾದೆ. ಆಮೇಲೆ ತಿಳಿಯಿತು. ಮಗುವನ್ನು ಕಿಟಕಿಯ ಹತ್ತಿರ ಒಯ್ದು ಬೆಳಕು ಓರೆಯಾಗಿ ಬೀಳುವಂತೆ ನಿಲ್ಲಿಸಿ ನೋಡಬೇಕು. ಅಂಗೈಯಿಂದ ಮುಖ, ಕುತ್ತಿಗೆ ಸವರಬೇಕು. ಕಣ್ಣಿಗೆ ಕಾಣದ್ದು ಕೈಗೆ ಉಪ್ಪಿಟ್ಟಿನ ರವೆಯ ಹಾಗೆ ತಾಗುತ್ತದೆ. ಬಾಯಿ ತೆರೆಸಿ ಕೆನ್ನೆಯ ಒಳಭಾಗ ನೋಡಬೇಕು. ದಡಾರದಲ್ಲಿ ಗುಳ್ಳೆ ಏಳುವ ಮೊದಲೇ ಅಲ್ಲಿ ಬಿಳಿ ಕಾಳು ಉದುರಿದ ಹಾಗೆ ಚುಕ್ಕೆ ಇರುತ್ತವೆ. ಟಾರ್ಚಿನ ಬ್ಯಾಟರಿ ಮುಗಿದಿತ್ತು ಎಂದು ನನಗೆ ಹೇಳಬೇಡಿ. ನಮ್ಮ ಆಸ್ಪತ್ರೆಯಲ್ಲಿ ಟಾರ್ಚೇ ಇರಲಿಲ್ಲ. ಕನ್ನಡಿಯ ಚೂರಿನಿಂದ ಬಿಸಿಲು ಹಾಯಿಸಿ ನೋಡುತ್ತಿದ್ದೆ.

ಇನ್ನು ಹೆಸರಿನ ತೊಂದರೆ. ಒಬ್ಬಳು "ಗೊಬ್ಬರ ಎದ್ದಾವ್ರಿ" ಅನ್ನುತ್ತಾಳೆ. ಮುಸಲ್ಮಾನರ ಮನೆಯವಳು "ಗೋಬ್ರಿ" ಅನ್ನುತ್ತಾಳೆ. ಕಾಲುವೆ ಅಗೆಯಲು ತೆಲುಗು ಸೀಮೆಯಿಂದ ಬಂದವಳು "ಅಮ್ಮ ಪೋಸಿಂದಿ" ಅನ್ನುತ್ತಾಳೆ. ಉಳಿದವರೆಲ್ಲ "ತಾಯಿ ಬಂದಾಳ" ಅನ್ನುತ್ತಾರೆ. ತಾಯಿ ಎಂದರೆ ದಡಾರವೂ ಹೌದು, ನೀರುಸಿಡುಬೂ ಹೌದು, ಔಷಧಿ ಒಗ್ಗದೆ ಎದ್ದ ದದ್ದೂ ಹೌದು. ಹೆಸರು ಕೇಳಿ ರೋಗ ತಿಳಿಯುತ್ತೇನೆಂದರೆ ಆಗದು. ಯಾವುದು ಮೊದಲು, ಎಲ್ಲಿ ಮೊದಲು ಎಂದು ಕೇಳಬೇಕು. ಮೂರು ನಾಲ್ಕು ದಿನ ಜೋರು ಜ್ವರ, ಕೆಮ್ಮು, ಸುರಿಯುವ ಮೂಗು, ಬೆಳಕು ಕಂಡರೆ ಮುಚ್ಚಿಕೊಳ್ಳುವ ಕೆಂಪು ಕಣ್ಣು; ಆಮೇಲೆ ಕಿವಿಯ ಹಿಂದೆ, ಕೂದಲಂಚಿನಲ್ಲಿ ಶುರುವಾಗಿ ಕೆಳಗಿಳಿದರೆ ದಡಾರ. ಹೊಟ್ಟೆ ಬೆನ್ನಿನ ಮೇಲೆ ಮೊದಲು ಎದ್ದು, ಒಂದು ಗುಳ್ಳೆ ಹೊಸದು, ಪಕ್ಕದ್ದು ನೀರು ತುಂಬಿದ್ದು, ಅದರ ಪಕ್ಕದ್ದು ಒಣಗಿ ಹಕ್ಕಳೆಗಟ್ಟಿದ್ದು, ಹೀಗೆ ಎಲ್ಲ ಒಟ್ಟಿಗೇ ಇದ್ದರೆ ನೀರುಸಿಡುಬು. ಜ್ವರವಿಲ್ಲದೆ ಕುತ್ತಿಗೆ, ಕಂಕುಳಲ್ಲಿ ಸಣ್ಣಗೆ ಎದ್ದದ್ದು ಬೆವರುಸಾಲೆ. ಬೆರಳ ಸಂದಿಯಲ್ಲಿ, ಮಣಿಕಟ್ಟಿನಲ್ಲಿ, ಹೊಕ್ಕುಳ ಸುತ್ತ ತುರಿಸುತ್ತಿದ್ದು ಮನೆಮಂದಿಯೆಲ್ಲ ಕೆರೆದುಕೊಳ್ಳುತ್ತಿದ್ದರೆ ಹುರುಕು. ಒತ್ತಿದರೂ ಮಾಸದ ನೇರಳೆ ಚುಕ್ಕೆ ಇದ್ದು ಮಗು ಮಂಕಾಗಿದ್ದರೆ ಯೋಚಿಸುತ್ತ ಕೂಡಬೇಡಿ, ಕೈಗೆ ಸಿಕ್ಕ ಗಾಡಿಯಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿ. ಇಷ್ಟೇ. ಇಷ್ಟನ್ನು ಕಲಿಯಲು ಫೋನು ಬೇಕಾಗಿಲ್ಲ.

ನೀರುಸಿಡುಬು ಎಂದಾಗ ಒಬ್ಬ ಮನುಷ್ಯ ನೆನಪಾಗುತ್ತಾನೆ. ಸುರಪುರ ರಸ್ತೆಯ ಹಳ್ಳಿಯೊಂದರವನು. ಮೈಲಿ ಎಂದು ಕರೆಯುವ ದೊಡ್ಡ ಸಿಡುಬು ನಾಡಿನಿಂದ ತೊಲಗಿ ವರ್ಷಗಳೇ ಆಗಿದ್ದವು. ಆದರೆ ಅದನ್ನು ತೋರಿಸಿಕೊಟ್ಟವರಿಗೆ ಬಹುಮಾನ ಎಂದು ಗೋಡೆಗಳ ಮೇಲೆ ಬರೆಸಿದ್ದನ್ನು ಯಾರೂ ಅಳಿಸಿರಲಿಲ್ಲ. ಈತ ಪ್ರತಿ ಬೇಸಿಗೆಯಲ್ಲಿ ನೀರುಸಿಡುಬಾದ ಒಂದು ಮಗುವನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದ. ಅವನದಲ್ಲ, ಯಾರದೋ ಮಗು.

"ಇದು ಮೈಲಿ ಅಲ್ಲಪಾ. ಮೈಲಿ ಈಗ ಎಲ್ಲೂ ಇಲ್ಲ" ಎನ್ನುತ್ತಿದ್ದೆ.

"ಸರಿಯಾಗಿ ನೋಡ್ರಿ ಬಾಯಾರ. ಹೋದ ವರ್ಷದ್ದಕ್ಕಿಂತ ಇವು ದೊಡ್ಡವ ಅದಾವ" ಎನ್ನುತ್ತಿದ್ದ ಆತ.

ಮೈತುಂಬ ಗುಳ್ಳೆಯಿದ್ದ ಮಗುವನ್ನು ಬಸ್ಸಿನಲ್ಲಿ ತಂದು, ಬಸ್ಸಿನವರಿಗೆಲ್ಲ ಹಂಚಿ, ನನ್ನ ಮುಂದೆ ಅದನ್ನು ಎಮ್ಮೆಯ ಹಾಗೆ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದ. ಕೊನೆಗೆ ನಾನೇ ಆಳಿನ ಕೈಗೆ ಸುಣ್ಣ ಕೊಟ್ಟು ಅವನ ಊರಿನ ಗೋಡೆಬರಹ ಅಳಿಸಿಸಿದೆ. ಮರುವರ್ಷ ಅವನು ಬರಲಿಲ್ಲ.

ಹುರುಕಿನದು ಇನ್ನೊಂದು ಗೋಳು. ಕಾಲುವೆಯ ಕೆಲಸಕ್ಕೆಂದು ಬಂದು ಜೋಪಡಿಗಳಲ್ಲಿ ಒತ್ತೊತ್ತಾಗಿ ಮಲಗುವ ಕುಟುಂಬಗಳಲ್ಲಿ ಅದು ಬೆಂಕಿಯ ಹಾಗೆ ಹಬ್ಬುತ್ತಿತ್ತು. ಮನೆಮಂದಿಯೆಲ್ಲ ಒಂದೇ ದಿನ ಕುತ್ತಿಗೆಯಿಂದ ಕಾಲಿನ ತನಕ ಔಷಧಿ ಹಚ್ಚಿಕೊಳ್ಳಿ, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಹಾಕಿ ಬಿಸಿಲಿಗೆ ಹರವಿ ಎಂದು ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಎಂಟು ದಿನ ಬಿಟ್ಟು ಮತ್ತೆ ಅದೇ ತಾಯಿ, ಅದೇ ಮಗು.

"ಎಲ್ಲಾರೂ ಹಚ್ಚಿಕೊಂಡ್ರೇನು?"

"ಇಲ್ರಿ. ಅವಗ ಮಾತ್ರ ಹಚ್ಚೀನಿ. ನಮಗ ಬರೇ ತುರಸ್ತದ್ರಿ, ಬ್ಯಾನಿ ಇಲ್ಲ."

ಊರಲ್ಲಿ ಬೋರ್ಡಿಲ್ಲದ ಒಬ್ಬ ಡಾಕ್ಟರನಿದ್ದ. ಗುಳ್ಳೆ ಯಾವುದೇ ಇರಲಿ, ಅವನು ಒಂದೇ ಸೂಜಿ ಚುಚ್ಚುತ್ತಿದ್ದ. ತುರಿಕೆ ಮಾರನೆಯ ದಿನವೇ ನಿಂತಂತಾಗುತ್ತಿತ್ತು. ಜನರಿಗೆ ಅವನು ದೇವರು. ಆ ಔಷಧಿ ಮೈಯ ಶಕ್ತಿಯನ್ನೇ ಕುಗ್ಗಿಸಿ ಮಗುವನ್ನು ದೊಡ್ಡ ಬೇನೆಗೆ ಒಪ್ಪಿಸುತ್ತದೆ ಎಂದು ಹೇಳಿದರೆ, ನನಗೆ ಹೊಟ್ಟೆಕಿಚ್ಚು ಅನ್ನುತ್ತಿದ್ದರು. ಹೊಟ್ಟೆಕಿಚ್ಚು ಇದ್ದದ್ದು ನಿಜ. ಅವನ ಮಾತನ್ನು ಜನ ಒಂದೇ ಸಲಕ್ಕೆ ಕೇಳುತ್ತಿದ್ದರು.

ಇವೆಲ್ಲ ದಿನನಿತ್ಯದ ಕಿರಿಕಿರಿ. ನಾನು ಹೇಳಬೇಕಾದದ್ದು ಆ ಊರಲ್ಲಿ ದಡಾರ ಬಂದ ಬೇಸಿಗೆಯ ಕತೆ.

ಊರಿನ ಹೊರಗೆ ಕಾಲುವೆ ಕೆಲಸದವರ ಕ್ಯಾಂಪಿತ್ತು. ಗೋಣಿತಟ್ಟು, ಹುಲ್ಲಿನ ಜೋಪಡಿಗಳು. ಅಲ್ಲಿ ಬಾಲಮ್ಮ ಎಂಬ ಹೆಣ್ಣುಮಗಳಿದ್ದಳು. ಗಂಡ ಮಣ್ಣು ಅಗೆಯುತ್ತಿದ್ದ, ಇವಳು ಹೊತ್ತು ಹಾಕುತ್ತಿದ್ದಳು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಊರ ಗೌಡರ ಮನೆಯ ಅಂಗಳ ಬಳಿದು ಮಜ್ಜಿಗೆ ಇಸಿದುಕೊಂಡು ಬರುತ್ತಿದ್ದಳು. ನಾಲ್ಕು ವರ್ಷದ ಮಗಳು ಚಿನ್ನಿ ಅವಳ ಸೆರಗು ಹಿಡಿದು ಹೋಗುತ್ತಿತ್ತು.

ಒಂದು ಬೆಳಿಗ್ಗೆ ಬಾಲಮ್ಮ ಚಿನ್ನಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಬಂದಳು. ಮಗು ಕಾದ ಹೆಂಚಿನಂತಿತ್ತು. ಕಣ್ಣು ಅಂಟಿಕೊಂಡಿದ್ದವು. ಕಿವಿಯ ಹಿಂದೆ, ಹಣೆಯ ಮೇಲೆ ಕೈ ಆಡಿಸಿದೆ. ರವೆ.

"ಕಣ್ಣಿಗಿ ಏನರ ಹಾಕೀಯೇನು?" ಎಂದು ಕೇಳಿದೆ.

"ಎಲಿ ರಸ ಹಿಂಡೀನಮ್ಮಾ. ತಂಪಾಗಲಂತ."

ಯಾವ ಎಲೆ ಎಂದು ಕೇಳುವ ಸಿಟ್ಟೂ ಉಳಿದಿರಲಿಲ್ಲ. ಕಾಯಿಸಿ ಆರಿಸಿದ ನೀರಿನಿಂದ ಕಣ್ಣು ತೊಳೆದು, ಎ ಜೀವಸತ್ವದ ಹನಿಯನ್ನು ನಾಲಿಗೆಗೆ ಹಾಕಿದೆ. ನಮ್ಮ ನರ್ಸ್ ಕಮಲಾಬಾಯಿಯನ್ನು ಕರೆದುಕೊಂಡು ಕ್ಯಾಂಪಿಗೆ ನಡೆದೆ. ಜೋಪಡಿ ಜೋಪಡಿಗೂ ಕೆಮ್ಮುವ ಮಕ್ಕಳು. ಇನ್ನೆರಡು ದಿನದಲ್ಲಿ ಇವರಿಗೆಲ್ಲ ಗುಳ್ಳೆ ಏಳುತ್ತವೆ ಎಂದು ನನಗೆ ಗೊತ್ತಾಯಿತು.

ಅಂದೇ ಬಸ್ಸು ಹತ್ತಿ ಸುರಪುರಕ್ಕೆ ಹೋದೆ. ನನ್ನ ಮೇಲಿನ ಅಧಿಕಾರಿ ಅಲ್ಲಿದ್ದರು. ಅವರೂ ಡಾಕ್ಟರೇ. ದಡಾರ ಶುರುವಾಗಿದೆ, ಊರಿನ ಮತ್ತು ಕ್ಯಾಂಪಿನ ಉಳಿದ ಮಕ್ಕಳಿಗೆ ಲಸಿಕೆ ಕೊಡಿ ಎಂದೆ.

"ಈ ಬಿಸಲಾಗ ಯಾರ ಮೈ ಮ್ಯಾಲ ಗುಳ್ಳಿ ಏಳಂಗಿಲ್ರಿ?" ಎಂದರು ಸಾಹೇಬರು. "ಬೆವರುಸಾಲಿ ಇರ್ತಾವ."

"ಬೆವರುಸಾಲಿಗಿ ಕಣ್ಣು ಕೆಂಪಾಗಂಗಿಲ್ರಿ ಸರ್."

"ಧೂಳಿಗಿ ಆಗ್ಯಾವ. ಕಾಲುವಿ ಅಗಿಯೋ ಮಂದಿ ಅವ್ರು."

"ಜ್ವರ?"

"ಬಿಸಲ ಬಡದಿರ್ತದ."

ಒಂದು ರೋಗದ ಲಕ್ಷಣಗಳನ್ನೆಲ್ಲ ಒಂದೊಂದಾಗಿ ಹವಾಮಾನದ ತಲೆಗೆ ಕಟ್ಟುವುದರಲ್ಲಿ ಅವರು ಬಲು ನಿಪುಣರು. ಕೊನೆಗೆ ನಿಜ ಹೇಳಿದರು. "ನೋಡ್ರಿ, ದಡಾರ ಅಂದ್ರ ಕ್ಯಾಂಪಿನ ಮಂದಿ ಹೆದರಿ ಓಡ್ತಾರ. ಕಾಲುವಿ ಕೆಲಸ ನಿಂದರ್ತದ. ಆಮ್ಯಾಲ ನನಗ ಫೋನ್ ಬರ್ತಾವ. ಅಷ್ಟಕ್ಕೂ ಕ್ಯಾಂಪಿನ ಮಕ್ಕಳು ನಮ್ಮ ತಾಲೂಕಿನ ಲೆಕ್ಕದಾಗ ಬರಂಗಿಲ್ಲ."

ಬರಿಗೈಯಲ್ಲಿ ವಾಪಸಾದೆ. ಊರಿಗೆ ಬಂದರೆ ಕಮಲಾಬಾಯಿ ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತಿದ್ದಳು.

"ಬಾವಿಗಿ ಮುಳ್ಳ ಹಚ್ಯಾರ್ರಿ ಬಾಯಾರ. ಕ್ಯಾಂಪಿನವ್ರು ಬ್ಯಾನಿ ತಂದಾರ, ಇನ್ನ ಮ್ಯಾಲ ಊರ ನೀರು ಮುಟ್ಟಬಾರ್ದಂತ ಗೌಡ್ರು ಹೇಳ್ಯಾರ."

ಕ್ಯಾಂಪಿಗೆ ಇದ್ದದ್ದು ಆ ಒಂದೇ ಬಾವಿ. ಅದು ಬಿಟ್ಟರೆ ಕಾಲುವೆಯ ತಗ್ಗಿನಲ್ಲಿ ನಿಂತ ಕೆಸರು ನೀರು. ಜ್ವರದಿಂದ ಬಾಯಿ ಒಣಗಿದ ಮಕ್ಕಳಿಗೆ ನಾನು ಗುಟುಕು ಗುಟುಕಾಗಿ ನೀರು ಕುಡಿಸಿ ಎಂದು ಹೇಳಿ ಬಂದಿದ್ದೆ. ಮರುದಿನ ಹೋಗಿ ನೋಡಿದರೆ ತಾಯಂದಿರು ಆ ಕೆಸರು ನೀರನ್ನೇ ಸೀರೆಯ ಬಟ್ಟೆಯಲ್ಲಿ ಸೋಸಿ ಕುಡಿಸುತ್ತಿದ್ದರು. ಗುಳ್ಳೆಯ ಜೊತೆಗೆ ಭೇದಿಯೂ ಶುರುವಾಗಿತ್ತು. ಆ ದಿನಗಳಲ್ಲಿ ಕಲ್ಲು ಒಡೆಯುವವರ ಒಂದು ಕೂಸು ತೀರಿಕೊಂಡಿತು. ಅದಕ್ಕೆ ಇನ್ನೂ ಹೆಸರಿಟ್ಟಿರಲಿಲ್ಲ.

ಮುಳ್ಳು ಹಚ್ಚಿದ ಮೂರನೆಯ ದಿನ ನಾನು ಗೌಡರ ಮನೆಗೆ ಹೋದೆ. ಕಟ್ಟೆಯ ಮೇಲೆ ಊರ ಹಿರಿಯರು ಕುಳಿತಿದ್ದರು. ಗೌಡರು ಮರ್ಯಾದೆಯ ಮನುಷ್ಯರು. "ಬರ್ರಿ ಡಾಕ್ಟರ್ ಬಾಯಾರ, ಕೂಡ್ರಿ" ಎಂದು ಅಂಗಳದಲ್ಲಿ ಒಂದು ಕುರ್ಚಿ ಹಾಕಿಸಿದರು. ಕಟ್ಟೆಗೆ ನೆರಳಿತ್ತು, ಕುರ್ಚಿಗೆ ಇರಲಿಲ್ಲ. ತಾಯಿ ಬಂದ ಮನೆಗೆ ಹೊರಗಿನವರು ಕಾಲಿಡಬಾರದು ಎಂಬ ಕಟ್ಟಳೆ ನಮ್ಮ ಕಡೆ ಎಲ್ಲರಿಗೂ ಇದೆ. ನನಗೆ ಮಾತ್ರ ತಾಯಿ ಬಾರದ ಮನೆಗಳಲ್ಲೂ ಇತ್ತು.

"ಬಾವಿಯ ಮುಳ್ಳು ತಗಸ್ರಿ ಗೌಡ್ರ. ನೀರಿಲ್ಲದ ಮಕ್ಕಳು ಸಾಯಾಕತ್ತಾವ" ಎಂದೆ.

"ನಮ್ಮೂರ ಮಕ್ಕಳೂ ಮಕ್ಕಳೇ ಅಲ್ರಿ? ಎಲ್ಲಿಂದಲೋ ಬಂದವ್ರು ಬ್ಯಾನಿ ತಂದ್ರ ನಾವು ಸುಮ್ಮ ಕೂಡಬೇಕೇನು?" ಎಂದರು. ಕಟ್ಟೆಯವರು ತಲೆಯಾಡಿಸಿದರು.

ಬೇನೆ ನೀರಿನಿಂದ ಹರಡುವುದಲ್ಲ, ಕೆಮ್ಮಿದ ಉಸಿರಿನಿಂದ ಹರಡುವುದು ಎಂದು ವಿವರಿಸತೊಡಗಿದೆ. ಯಾರೂ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಗೌಡರ ಮೊಮ್ಮಗ ಮಲ್ಲು ಒಂದು ಕರುವನ್ನು ಅಟ್ಟಿಸಿಕೊಂಡು ಅಂಗಳಕ್ಕೆ ಓಡಿಬಂದ. ಐದಾರು ವರ್ಷದ ಹುಡುಗ. ಇಳಿಬಿಸಿಲು ಓರೆಯಾಗಿ ಅವನ ಮುಖಕ್ಕೆ ಬಿತ್ತು. ನಾನು ಮಾತು ನಿಲ್ಲಿಸಿದೆ.

ಹತ್ತಿರ ಕರೆದು ಗದ್ದ ಹಿಡಿದು ಮುಖ ತಿರುಗಿಸಿದೆ. ಕೆನ್ನೆ, ಕುತ್ತಿಗೆ, ಎದೆಯ ತುಂಬ ಕಂದು ಕಲೆ. ಹೆಬ್ಬೆರಳಿನಿಂದ ಸವರಿದರೆ ಚರ್ಮ ಗೋಧಿ ಹೊಟ್ಟಿನ ಹಾಗೆ ಉದುರಿತು. ದಡಾರ ಬಂದು ಹೋಗಿ ಒಂದು ವಾರ ಕಳೆದ ಮೈ ಅದು. ಚಿನ್ನಿಯ ಮೈಮೇಲೆ ಇನ್ನೂ ಹೊಸ ಗುಳ್ಳೆ; ಇವನ ಮೈಯಲ್ಲಿ ಆಗಲೇ ಮಾಸಿದ ಕಲೆ. ಯಾರಿಂದ ಯಾರಿಗೆ ಹೋಯಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಇವನಿಗಿ ಏನಾಗಿತ್ರಿ?" ಎಂದೆ.

ಗೌಡರು ನನ್ನ ಮುಖ ನೋಡದೆ ಹೇಳಿದರು. "ಯಾದಗಿರಿಗಿ ಮದವಿಗಿ ಹೋಗಿದ್ವಿ. ಬಿಸಲ ಬಡದು ಬೆವರುಸಾಲಿ ಆಗಿತ್ತು."

ಅದೇ ವಾರ ಎರಡನೆಯ ಸಲ ಆ ಮಾತು ಕೇಳಿದೆ. ಬಾಯಿಗೆ ಬಂದದ್ದನ್ನು ಅಲ್ಲೇ ಆಡಿಬಿಡಬೇಕು ಅನ್ನಿಸಿತು. ಆದರೆ ಅಷ್ಟು ಮಂದಿಯ ಎದುರು ಗೌಡರು ಒಮ್ಮೆ ಅಲ್ಲ ಅಂದುಬಿಟ್ಟರೆ ಆಮೇಲೆ ಅವರಿಗೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಾಗದು, ಬಾವಿಯ ಮುಳ್ಳೂ ಹೋಗದು. ಎಳೆಯರಿಗೆ ಹೇಳುತ್ತೇನೆ: ನಿಮ್ಮ ಮಾತು ಸರಿಯಿದ್ದಾಗಲೇ ಅದನ್ನು ಎಲ್ಲಿ ಆಡಬೇಕು ಎಂದು ಹೆಚ್ಚು ಯೋಚಿಸಬೇಕು. ನಾನು ಎದ್ದು, "ಅವ್ವಾರನ್ನ ಒಂದೀಟು ಕಾಣಬೇಕಿತ್ತು" ಎಂದೆ. ಗೌಡರ ತಾಯಿ ನೀಲವ್ವ ಆ ಮನೆಯ ಹಿರಿಯಳು. ಗೌಡರು ಹಿತ್ತಲ ಕಡೆ ಹೋಗಿ ಎಂದರು.

ನೀಲವ್ವ ಹಿತ್ತಲ ಹೊಸ್ತಿಲಲ್ಲಿ ನಿಂತರು. ನಾನು ಕೆಳಗೆ ನಿಂತೆ.

"ವಡಗೇರಿ ಮಾಸ್ತರ ಮಗಳಲ್ಲೇನು ನೀ? ಏನ್ ಬೇಕು?"

"ಮಲ್ಲೂಗ ತಾಯಿ ಬಂದು ಹೋಗ್ಯಾಳಲ್ರಿ ಅವ್ವಾರ?"

"ಯಾರ್ ಅಂದ್ರು?"

"ಅವನ ಮೈನೇ ಹೇಳ್ತದ್ರಿ. ಬೆವರುಸಾಲಿಗಿ ತೊಗಲು ಹಂಗ ಉದರಂಗಿಲ್ಲ."

ಮುದುಕಿ ಹೊಸ್ತಿಲ ಮೇಲೆ ಕುಳಿತರು.

"ಬಂದಿದ್ಲು. ಹೋದ್ಲು. ಮಾಡೂದೆಲ್ಲ ಮಾಡಿ ಕಳಿಸೀನಿ. ಕಿರಿ ಸೊಸಿ ಕೂಸಿನ ತಗೊಂಡು ತವರಿಗಿ ಹೋಗ್ಯಾಳ. ನಾ ಹೇಳೋ ತನಕ ಬರಬ್ಯಾಡ ಅಂತ ಮಾತು ಕಳಿಸೀನಿ. ನಿನ್ನಂಗ ಸಾಲಿ ಕಲಿತಿಲ್ಲಂದ್ರ ಇಷ್ಟೂ ತಿಳಿಯಂಗಿಲ್ಲೇನು?"

"ಮತ್ತ ಬೆವರುಸಾಲಿ ಅಂತ ಯಾಕಂದ್ರಿ?"

"ನಾ ಎಲ್ಲಿ ಅಂದೆ? ಮಗ ಅಂದ. ಆ ವಾರ ಕಾಲುವಿ ಸಾಹೇಬರು ಊಟಕ್ಕ ಬರವರಿದ್ರು. ತಾಯಿ ಇದ್ದ ಮನ್ಯಾಗ ವಗ್ಗರಣಿ ಹಾಕಂಗಿಲ್ಲ, ಹೊರಗಿನವ್ರು ಉಣಂಗಿಲ್ಲ. ನೀರಿನ ತೂಬು ನಮ್ಮ ಹೊಲದ ಬಾಜು ಬರಬೇಕು. ಅದಕ್ಕ ಬೆವರುಸಾಲಿ ಆತು."

ಸುರಪುರದ ಸಾಹೇಬರಿಗೂ ಕಾಲುವೆ, ಈ ಗೌಡರಿಗೂ ಕಾಲುವೆ. ಇನ್ನೂ ಹನಿ ನೀರು ಹರಿಯದ ಕಾಲುವೆ. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

"ನಿಮ್ಮ ಅಂಗಳ ಬಳಿಯಾಕ ಬರೋ ಬಾಲಮ್ಮನ ಮಗಳಿಗೇ ಕ್ಯಾಂಪಿನ್ಯಾಗ ಮೊದಲ ಆಗ್ಯಾದ್ರಿ" ಎಂದೆ. "ಮಲ್ಲು, ಅಕಿ ಕೂಡೇ ಆಡ್ತಿದ್ರಲ್ರಿ?"

ಅವರು ಮಲ್ಲುವಿನ ದನಿ ಕೇಳುತ್ತಿದ್ದ ಅಂಗಳದ ಕಡೆ ನೋಡಿದರು.

"ನಿಮ್ಮ ಮನಿಗಿ ಬಂದ ತಾಯಿಗಿ ತಂಪು ನೀರ ಇಟ್ಟು ಕಳಿಸೀರಿ. ಅದೇ ತಾಯಿ ಅವ್ರ ಮನಿಗಿ ಹೋದ್ರ ನೀರಿಗಿ ಮುಳ್ಳ ಹಚ್ಚೀರಿ. ಇದ್ಯಾವ ನ್ಯಾಯ್ರಿ?"

ನೀಲವ್ವ ನನ್ನನ್ನು ದಿಟ್ಟಿಸಿ ನೋಡಿದರು. "ನೀ ತಾಯಿನ್ನ ನಂಬ್ತಿಯೇನು?"

"ಇಲ್ರಿ. ನೀವು ನಂಬ್ತೀರಲ್ರಿ."

ಮುದುಕಿ ಮೊಣಕಾಲಿಗೆ ಕೈ ಊರಿ ಎದ್ದರು. ತಲೆಯ ಮೇಲೆ ಸೆರಗು ಸರಿಪಡಿಸಿಕೊಂಡು ಮನೆಯೊಳಗಿಂದ ಮುಂಬಾಗಿಲಿಗೆ ಹೋದರು. ನಾನು ಹೊರಗಿನಿಂದ ಸುತ್ತಿ ಅಂಗಳಕ್ಕೆ ಬರುವ ಹೊತ್ತಿಗೆ ಕಟ್ಟೆಯವರೆಲ್ಲ ಎದ್ದು ನಿಂತಿದ್ದರು.

"ತಾಯಿ ಮೊದಲ ನಮ್ಮ ಮನಿಗೇ ಬಂದಾಳ" ಎಂದರು ನೀಲವ್ವ. "ಇಲ್ಲಿಂದ ಕ್ಯಾಂಪಿಗಿ ಹೋಗ್ಯಾಳ. ಬಾವಿ ಮುಳ್ಳ ತಗೀರಿ."

ಗೌಡರ ಮುಖ ಕಪ್ಪಿಟ್ಟಿತು. "ಅವ್ವ, ನೀ ಒಳಗ ನಡಿ."

"ನಾ ಒಳಗ ಹೋಗ್ತೀನಿ. ನೀ ಮುಳ್ಳ ತಗಿ."

ಆ ಸಂಜೆಯೇ ಮುಳ್ಳು ಹೋಯಿತು. ಇದನ್ನು ನನ್ನ ಗೆಲುವೆಂದು ಬರೆಯಲಾರೆ. ಆ ಮುಳ್ಳು ಎರಡು ದಿನ ಮೊದಲೇ ಹೋಗಿದ್ದರೆ ಆ ಹೆಸರಿಲ್ಲದ ಕೂಸು ಉಳಿಯುತ್ತಿತ್ತೇನೋ. ಚಿನ್ನಿಗೆ ಗುಳ್ಳೆ ಇಳಿದ ಮೇಲೆ ಜ್ವರ ಮರಳಿತು. ಎದೆಯ ಪಕ್ಕೆಲುಬು ಒಳಸೇರುವ ಹಾಗೆ ಉಸಿರಾಡತೊಡಗಿತು. ಇದನ್ನು ನೆನಪಿಡಿ: ದಡಾರದಲ್ಲಿ ಸಾವು ಬರುವುದು ಹೆಚ್ಚಾಗಿ ಗುಳ್ಳೆಯಿಂದಲ್ಲ, ಆಮೇಲಿನ ನ್ಯುಮೋನಿಯಾದಿಂದ, ಭೇದಿಯಿಂದ. ತಾಯಿ ಹೋದಳೆಂದು ಮನೆಯವರು ಮಗುವಿಗೆ ನೀರು ಹಾಕಿ ನಿರಾಳವಾಗುವ ಹೊತ್ತಿಗೇ ನಿಮ್ಮ ಕೆಲಸ ಶುರುವಾಗುತ್ತದೆ. ಮುರಂ ಮಣ್ಣು ಹೊಡೆಯುವ ಲಾರಿಯ ಚಾಲಕನ ಪಕ್ಕದಲ್ಲಿ ಬಾಲಮ್ಮನನ್ನೂ ಮಗುವನ್ನೂ ಕೂರಿಸಿಕೊಂಡು ಶಹಾಪುರಕ್ಕೆ ಹೋದೆ. ಮಗು ಬದುಕಿತು. ಒಂದು ಕಣ್ಣು ಉಳಿಯಿತು. ಎಲೆಯ ರಸ ಹೆಚ್ಚು ಬಿದ್ದಿದ್ದ ಇನ್ನೊಂದು ಕಣ್ಣಿಗೆ ಹೂ ಬಿತ್ತು.

"ತಂಪಾಗಲಂತ ಹಾಕಿದ್ನಮ್ಮಾ" ಎಂದು ಬಾಲಮ್ಮ ದಾರಿಯುದ್ದಕ್ಕೂ ಅನ್ನುತ್ತಿದ್ದಳು. ಅವಳಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಆ ದಿನಗಳಲ್ಲಿ ನಾನು ಬೈಯದೆ ಬಿಟ್ಟದ್ದು ಅವಳೊಬ್ಬಳನ್ನೇ.

ಲಸಿಕೆಗಾಗಿ ಮತ್ತೆ ಸುರಪುರಕ್ಕೆ ಹೋದೆ. ಈ ಸಲ ಸಾಹೇಬರಿಗೆ ರೋಗದ ವಿಷಯ ಹೇಳಲಿಲ್ಲ. ಗೌಡರ ಮನೆಯಿಂದಲೇ ಶುರುವಾಗಿದೆ, ಅವರ ತಾಯಿಯೇ ಊರಮಂದಿಯ ಎದುರು ಒಪ್ಪಿಕೊಂಡಿದ್ದಾರೆ ಎಂದಷ್ಟೇ ಹೇಳಿದೆ. ಗೌಡರ ಹೆಸರು ಕೇಳಿದ ಕೂಡಲೇ ಬೆವರುಸಾಲೆ ದಡಾರವಾಯಿತು. ಬರ್ಫದ ಡಬ್ಬಿಯಲ್ಲಿ ಲಸಿಕೆಯ ಸೀಸೆಗಳು ಬಂದವು. ಆದರೆ ಊರಿಗೆ ಒಂದು ಕಡೆ, ಕ್ಯಾಂಪಿಗೆ ಒಂದು ಕಡೆ ಹಾಕುವಷ್ಟು ಹೊತ್ತು ಆ ಬರ್ಫ ನಿಲ್ಲುತ್ತಿರಲಿಲ್ಲ. ಊರಿಗೂ ಕ್ಯಾಂಪಿಗೂ ನಡುವಿನ ಬೇವಿನ ಮರದ ಕೆಳಗೆ ಕುಳಿತೆವು. ಕಮಲಾಬಾಯಿ ಬೆಳಿಗ್ಗೆಯೇ ಗಾಜಿನ ಸಿರಿಂಜುಗಳನ್ನು ಕುದಿಸಿ ತಂದಿದ್ದಳು. ಈಗಿನವರಿಗೆ ಒಮ್ಮೆ ಬಳಸಿ ಬಿಸಾಡುವ ಸಿರಿಂಜು ಇದೆ, ಪುಣ್ಯವಂತರು.

ಕ್ಯಾಂಪಿನವರು ಬಂದರು. ಊರಿನವರು ದೂರದಲ್ಲಿ ಗುಂಪುಗಟ್ಟಿ ನಿಂತರು. ಕ್ಯಾಂಪಿನವರ ಸರದಿಯ ಹಿಂದೆ ನಿಲ್ಲಬೇಕಲ್ಲ ಎಂಬುದು ಅವರ ಸಂಕಟ. ನಾನು ಕೂಗಿದೆ, ಬೈದೆ, ಬರ್ಫ ಕರಗುತ್ತಿದೆ ಎಂದು ಡಬ್ಬಿಯನ್ನೇ ಎತ್ತಿ ತೋರಿಸಿದೆ. ಯಾರೂ ಕದಲಲಿಲ್ಲ.

ಆಗ ಊರ ಕಡೆಯಿಂದ ನೀಲವ್ವ ಬಂದರು. ಕಂಕುಳಲ್ಲಿ ತವರಿನಿಂದ ಆ ಬೆಳಿಗ್ಗೆಯಷ್ಟೇ ಕರೆಸಿದ ಗೌಡರ ಕಿರಿ ಸೊಸೆಯ ಕೂಸು, ಹತ್ತು ತಿಂಗಳದ್ದು. ಹಿಂದೆ ಅಳುತ್ತ ಸೊಸೆ. ಮುದುಕಿ ಯಾರನ್ನೂ ಮಾತಾಡಿಸದೆ ಬಂದು ಸರದಿಯಲ್ಲಿ ಕಲ್ಲು ಒಡೆಯುವವಳ ಹಿಂದೆ ನಿಂತರು. ಊರಿನ ಹೆಂಗಸರು ಒಬ್ಬೊಬ್ಬರಾಗಿ ಅವರ ಹಿಂದೆ ಬಂದು ನಿಂತರು.

ಅವರ ಸರದಿ ಬಂತು. ಸೊಸೆ ಸೂಜಿ ನೋಡಿ ಮುಖ ತಿರುಗಿಸಿದಳು.

"ನನ್ನ ಕೈ ನಡಗತಾವ, ಹಿಡಿಯಾಕ ಬರಂಗಿಲ್ಲ" ಎಂದರು ನೀಲವ್ವ. "ತಗೋ, ನೀನೇ ಹಿಡಿ." ಕೂಸನ್ನು ನನ್ನ ತೊಡೆಯ ಮೇಲೆ ಇಟ್ಟರು. ಬೆಚ್ಚಗಿನ, ದುಂಡು ದುಂಡಾದ ಕೂಸು. ನಾನು ಅದರ ತೋಳು ಹಿಡಿದೆ, ಕಮಲಾಬಾಯಿ ಚುಚ್ಚಿದಳು. ಕೂಸು ಕಿರುಚಿ ನನ್ನ ಸೆರಗನ್ನೇ ಗಟ್ಟಿಯಾಗಿ ಹಿಡಿದುಕೊಂಡಿತು. ಬಿಡಿಸಿ ಅಜ್ಜಿಗೆ ಕೊಟ್ಟೆ.

ಮಧ್ಯಾಹ್ನದ ಹೊತ್ತಿಗೆ ಸೀಸೆಗಳು ಖಾಲಿಯಾದವು.

ಮಾರನೆಯ ದಿನ ಕಮಲಾಬಾಯಿ ಕೆಲಸಕ್ಕೆ ಬಂದವಳು ಮುಖ ಊದಿಸಿಕೊಂಡಿದ್ದಳು. ಹೇಳಲೋ ಬೇಡವೋ ಎಂದು ಬಹಳ ಹೊತ್ತು ಹತ್ತಿ ಸುರುಳಿ ಸುತ್ತುತ್ತ ಕುಳಿತು, ಕೊನೆಗೆ ಹೇಳಿದಳು.

"ಗೌಡ್ರ ಮನ್ಯಾಗ ನಿನ್ನೆ ಕೂಸಿಗಿ ತಲಿ ಮ್ಯಾಲಿಂದ ನೀರ ಹಾಕ್ಯಾರಂತ್ರಿ ಬಾಯಾರ. ಮೈಮ್ಯಾಲಿನ ಅಂಗಿನೂ ಒಗದಾರಂತ. ನೀವು ತೊಡಿ ಮ್ಯಾಲ ಕುಂದರಿಸಿಕೊಂಡಿದ್ರಲ್ಲ, ಅದಕ್ಕ."

ನಾನು ಮುಂದಿನ ಮಗುವನ್ನು ಕಿಟಕಿಯ ಬೆಳಕಿಗೆ ಕರೆದೆ.

"ಹಾಕ್ಕೊಳ್ಳಲಿ ಬಿಡು" ಎಂದೆ. "ಲಸಿಕಿ ತೊಳದ್ರ ಹೋಗಂಗಿಲ್ಲ."